ನಾಗರತ್ನಾ ಟೀಚರ್ ಕೊಟ್ಟ ಉತ್ತರ

ನಾಗರತ್ನಾ ಇಳಕಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಪ್ರಯೋಗದಲ್ಲಿ ಕಂಡದ್ದನ್ನು ಬಿಟ್ಟು ಪುಸ್ತಕದ ಉತ್ತರ ಬರೆದವರನ್ನು ಬೆಂಚಿನ ಮೇಲೆ ನಿಲ್ಲಿಸುವವರ ಪೈಕಿ. ಮನೆಯಲ್ಲಿ ಮಾತ್ರ ಆಕೆಯ ಆಟ ನಡೆಯುತ್ತಿರಲಿಲ್ಲ. ಮಗಳು ನೀಲಾಂಬಿಕಾಗೆ ಆಟಿಸಂ. ಏಳು ವರ್ಷವಾದರೂ ಮಾತಿಲ್ಲ, ಮುಟ್ಟಿದರೆ ಕಿರುಚಿ ಕಚ್ಚುತ್ತಿದ್ದಳು. ತಲೆ ಬಾಚಬೇಕೆಂದರೆ ಇಬ್ಬರು ಹಿಡಿಯಬೇಕು.

ಬಾಗಲಕೋಟೆಯ ಒಂದು ಕೇಂದ್ರದಲ್ಲಿ ಇಂಥ ಮಕ್ಕಳಿಗೆ ಮಾಲೀಸಿನಿಂದ ಗುಣವಿದೆಯೇ ಎಂದು ಪರೀಕ್ಷಿಸುತ್ತಾರೆಂದು ತಿಳಿದು ಆಕೆ ಹೆಸರು ಕೊಟ್ಟಳು. ಚೀಟಿ ಎತ್ತಿ ಅರ್ಧ ಮಕ್ಕಳಿಗೆ ಮಾಲೀಸು, ಉಳಿದವರಿಗೆ ಬರೀ ಆಟ. ನೀಲಾಗೆ ಮಾಲೀಸು ಬಂತು. ಗುಣ ಕಂಡರೆ ಕೇಂದ್ರ ಉಳಿಯುತ್ತದೆ, ಇಲ್ಲವಾದರೆ ಮುಚ್ಚುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಪ್ರತಿ ಗುರುವಾರ ರಜೆ ಹಾಕಿ, ಹುನಗುಂದ ದಾಟಿ ಬಸ್ಸಿನಲ್ಲಿ ಹೋಗುವುದು. ಮಾಲೀಸು ಮಾಡುವ ಫರಹಾನಾ ಮೊದಮೊದಲು ಮಗುವಿನ ಪಾದದ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂರುತ್ತಿದ್ದಳು. ಬೇಸಿಗೆಯ ಹೊತ್ತಿಗೆ ನೀಲಾ ತಾನೇ ಚಾಪೆಯ ಮೇಲೆ ಅಂಗಾತ ಮಲಗಿ ಕಾಲು ಚಾಚತೊಡಗಿದಳು. ಮನೆಯಲ್ಲಿ ಅವಳಿಗೆ ರಾತ್ರಿಯಿಡೀ ನಿದ್ದೆ ಬರತೊಡಗಿತು. ಒಂದು ಮುಂಜಾನೆ ಬಾಚಣಿಗೆ ತಂದು ತಾಯಿಯ ತೊಡೆಯ ಮೇಲಿಟ್ಟಳು. ನಾಗರತ್ನಾ ಉಸಿರು ಬಿಗಿಹಿಡಿದು ಹೆರಳು ಹಾಕಿದಳು.

ಅತ್ತೆ ಬಸಲಿಂಗವ್ವ ಬಾಗಿಲಲ್ಲೇ ನಿಂತು ನೋಡಿದಳು.

"ಯಾರ ಮುಂದೂ ಬಾಯಿ ಬಿಡಬ್ಯಾಡ. ಹುಡುಗಿ ಚಲೋ ಆದ್ಲು ಅಂದೆಂದ್ರ ದೃಷ್ಟಿ ಬಡೀತೈತಿ."

"ನಾ ಸೈನ್ಸ್ ಟೀಚರ್ ಅದೀನ್ರಿ ಅತ್ತಿ."

"ಅದಕ್ಕ ಹೇಳಾಕತ್ತೇನಿ. ಸಾಲ್ಯಾಗ ದಿನಾ ಒದರಿ ಒದರಿ ನಿನಗ ಮೆಲ್ಲಕ ಮಾತಾಡೂದ ಮರ್ತೈತಿ."

ಮಾಲೀಸಿನ ಪರೀಕ್ಷೆಯ ಕೊನೆಗೆ ಕೇಂದ್ರಕ್ಕೆ ಡಾಕ್ಟರ್ ವ್ಯಾಸರಾಜ ವಿಚಾರಿಸಲು ಬಂದರು. ಯಾವ ಮಗುವಿಗೆ ಮಾಲೀಸಾಗಿದೆ ಎಂಬುದು ಅವರಿಗೆ ತಿಳಿಯಬಾರದೆಂಬುದು ನಿಯಮ. ಹೊಸ ಮುಖ ಕಂಡು ನೀಲಾ ಮೇಜಿನಡಿ ಸೇರಿ ಕಿರುಚಿದಳು. ಇನ್ನು ತಾಯಿಯ ಮಾತೇ ಗತಿ. ಬಾಗಿಲು ತೆರೆದಿತ್ತು, ಹೊರಗೆ ಸಾಲಾಗಿ ಕೂತ ತಾಯಂದಿರ ಕಿವಿಯೆಲ್ಲ ಇತ್ತ.

"ನಿದ್ದಿ ಸುಧಾರಿಸೇದೇನ್ರಿ?"

"ಇಲ್ರಿ."

"ಮುಟ್ಟಿದ್ರ ಸುಮ್ನಿರ್ತಾಳೇನು?"

"ಎಲ್ಲಿದ್ರಿ. ಇದ್ದಾಂಗ ಅದಾಳ."

ಸುಳ್ಳಾಡಿದಂತೆ ಆಕೆಗೆ ಅನ್ನಿಸಲೇ ಇಲ್ಲ. ಮಗುವಿನ ಮೇಲೆ ಸೆರಗು ಹೊದಿಸಿದಂತೆ ಅನ್ನಿಸಿತು.

ಮಳೆಗಾಲದಲ್ಲಿ ಎಲ್ಲರನ್ನೂ ಕರೆಸಿ ವ್ಯಾಸರಾಜ ಹೇಳಿದರು: "ಮಾಲೀಸಿನಿಂದ ಏನೂ ಫರಕು ಕಂಡಿಲ್ಲ. ಕೇಂದ್ರ ಮುಚ್ಚತೇವಿ."

ನಾಗರತ್ನಾ ಎದ್ದು ನಿಂತಳು. "ಸರ್, ನಾ ಸುಳ್ಳು ಹೇಳಿದ್ದೆ. ನನ್ನ ಮಗಳು ಸುಧಾರಿಸ್ಯಾಳ."

"ಮತ್ತ ಇಲ್ಲ ಅಂತ ಯಾಕ ಹೇಳಿದ್ರಿ?"

"ದೃಷ್ಟಿ ಆಗಬಾರದಂತ."

ಯಾರೂ ನಗಲಿಲ್ಲ. ಹಿಂದಿನ ಸಾಲಿನಿಂದ ತಬಸುಮ ಎಂಬಾಕೆ ಬಾಯಿ ಹಾಕಿದಳು: "ನಜರು ಬಿದ್ದೀತಂತ ನಾನೂ ಹಾಂಗ ಹೇಳೀನ್ರಿ. ನನ್ನ ಮಗಂದು ಬರೀ ಆಟ ಇತ್ತು. ಅಂವನೂ ಚಲೋ ಆಗ್ಯಾನ."

ವ್ಯಾಸರಾಜ ಕನ್ನಡಕ ತೆಗೆದರು. "ಹಂಗಾದ್ರ ಮಾಲೀಸಿನಿಂದ ಆತೋ, ವಯಸ್ಸಿಗೆ ಆತೋ, ಇನ್ನ ಯಾರಿಗೂ ತಿಳಿಯೂದಿಲ್ಲ. ಮುಚ್ಚತೇವಿ ಅಂದಮ್ಯಾಲ ಹೇಳಿದ್ದನ್ನ ನಾ ಬರಕೊಳ್ಳಲಿಕ್ಕೆ ಬರೂದಿಲ್ಲ, ಟೀಚರ್. ನಿಮಗ ಗೊತ್ತದಲ್ಲ."

ಗೊತ್ತಿತ್ತು. ಆ ಕುರ್ಚಿಯಲ್ಲಿ ತಾನಿದ್ದರೂ ಬರೆದುಕೊಳ್ಳುತ್ತಿರಲಿಲ್ಲ.

ಫರಹಾನಾ ಬೇರೆ ಕೆಲಸ ಹುಡುಕಿಕೊಂಡು ವಿಜಯಪುರಕ್ಕೆ ಹೋದಳು. ಮುಂದಿನ ಗುರುವಾರ ನೀಲಾ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು. ಅವಳನ್ನು ಒಳಗೆ ಕರೆತಂದು ನಾಗರತ್ನಾ ಚಾಪೆ ಹಾಸಿ, ಎಣ್ಣೆ ಬೆಚ್ಚಗೆ ಮಾಡಿ, ತಾನು ನೋಡಿ ಕಲಿತಂತೆ ಪಾದದ ಮೇಲೆ ಕೈಯಿಟ್ಟಳು. ಮಗು ಆ ಕೈಯನ್ನೇ ದಿಟ್ಟಿಸಿತು. ಬಳಿಕ ಬಟ್ಟಲು ಒದ್ದು, ತಾಯಿಯ ಮುಂಗೈ ಕಚ್ಚಿ, ಕಿರುಚತೊಡಗಿತು.

ಬಸಲಿಂಗವ್ವ ಓಡಿಬಂದಳು. "ಇಷ್ಟ್ ದಿನ ಸುಮ್ನಿದ್ದ ಕೂಸು! ಯಾರ ಮುಂದರ ಹೇಳಿದ್ಯೇನ?"

"ಎಲ್ಲಾರ ಮುಂದೂ ಹೇಳೀನ್ರಿ," ಎಂದಳು ನಾಗರತ್ನಾ. ಹೇಳುತ್ತಲೇ ಅದೇ ಖರೆಯ ಕಾರಣವೆಂದು ತನಗೂ ಅನ್ನಿಸಿದ್ದು ತಿಳಿದು, ಅತ್ತೆಯ ಮುಖ ನೋಡಲಾರದೆ ನೆಲಕ್ಕೆ ಚೆಲ್ಲಿದ ಎಣ್ಣೆ ಒರೆಸತೊಡಗಿದಳು.