ಮೇಸ್ತ್ರಿ ಹೇಳಿದ್ದು, ನಾನು ಹೇಳಿದ್ದು

ಮೇಸ್ತ್ರಿಯ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ಸುತ್ತಿಗೆ ಏಟಿಗೆ ಹೋದದ್ದು ಮತ್ತೆ ಬೆಳೆಯಲೇ ಇಲ್ಲ. ಆ ಬೋಳು ಬೆರಳನ್ನು ಕಲ್ಲಿನ ಮೇಲೆ ಎಳೆದು, ಸುತ್ತಿಗೆಯಿಂದ ಒಮ್ಮೆ ತಟ್ಟಿ, ಕಿವಿಗೊಟ್ಟು ಕೇಳಿ, ಇದಾಗುತ್ತದೆ, ಇದಾಗದು ಎನ್ನುತ್ತಿದ್ದರು. "ಕಲ್ಲು ಸುಳ್ಳು ಏಳಾಕಿಲ್ಲ ಕಣ್ಲಾ, ಏಳೋದೆಲ್ಲ ಮನುಸ್ರೇ" ಎನ್ನುವುದು ಅವರ ಮಾತು. ಅದನ್ನು ನಿಜ ಮಾಡಿದವನು ನಾನು. ನೆನೆದಾಗೆಲ್ಲ ನನ್ನ ಮೇಲೆ ನನಗೇ ಮೈಯೆಲ್ಲ ಉರಿಯುತ್ತದೆ.

ಎರಡು ಸಾವಿರದ ಐದಾರನೇ ಇಸವಿ ಇರಬೇಕು. ಚಾಮರಾಜನಗರದ ಹೊರಗಿನ ಕರಿಕಲ್ಲು ಕಾರ್ಖಾನೆಯಲ್ಲಿ ಅವರು ಮೇಸ್ತ್ರಿ, ನಾನು ಇಂಗ್ಲಿಷ್ ಬಲ್ಲ ಗುಮಾಸ್ತ. ಮೆಕ್ಸಿಕೋದ ಪೆಸಿಫಿಕ್ ತೀರದ ಹೋಟೆಲೊಂದು ಕಡಲಿಗಿಳಿಯುವ ಮೆಟ್ಟಿಲಿಗೆಂದು ನಮ್ಮ ಕಲ್ಲು ತರಿಸಿತು. ಕನ್ನಡಿಯಂತೆ ಹೊಳೆಯಬೇಕು ಎಂದು ನಮ್ಮ ಮಾಲೀಕರ ಹುಕುಂ. ಮೇಸ್ತ್ರಿ ಎಲ್ಲರೆದುರೇ ಬೇಡವೆಂದರು.

"ನೀರ್ ಬೀಳೋ ಜಾಗ ಸಾರ್. ನಮ್ಮೂರ್ ಬಾವಿ ಮೆಟ್ಲ ನೋಡಿ, ಉಳಿ ಗುರ್ತು ಅಂಗೇ ಬುಟ್ಟವ್ರೆ. ನುಣ್ಣಗ್ ಮಾಡ್ಬುಟ್ರೆ ಜನ ಬೀಳ್ತರೆ."

"ಹೇಳಿದಷ್ಟು ಮಾಡಯ್ಯ" ಎಂದರು ಮಾಲೀಕರು.

ಆರು ತಿಂಗಳಲ್ಲೇ ಅಲ್ಲೊಬ್ಬ ಹುಡುಗಿ ಜಾರಿ ಬಿದ್ದು ಕೈ ಮುರಿದುಕೊಂಡಳು. ಕಲ್ಲು ಬಲ್ಲವರನ್ನು ಕಳಿಸಿ ಎಂದು ಹೋಟೆಲಿನವರು ಪಟ್ಟು ಹಿಡಿದರು. ನಾವಿಬ್ಬರೂ ಹೊರಟೆವು.

ಊರೇನೋ ಸಂಭ್ರಮದ್ದೇ. ತೆಂಗಿನ ಸಾಲು, ಬೀದಿಬೀದಿಗೂ ಹಾಡು, ಬರಿಮೈಯಲ್ಲಿ ಹಲಗೆ ಹೊತ್ತು ಅಲೆಯ ಮೇಲೆ ಸವಾರಿ ಮಾಡಲು ಓಡುವ ಗಂಡು ಹೆಣ್ಣುಗಳು. ಹತ್ತಿದವರೆಲ್ಲ ಬೀಳುವವರೇ. "ಬೀಳಕ್ಕೇ ಅಂತ ಇಷ್ಟ್ ದೂರ ಬಂದವ್ರಲ್ಲ, ಇವ್ರಿಗೇನ್ ಬಂದದೆ!" ಎಂದು ಮೇಸ್ತ್ರಿ ನಕ್ಕರು. ಹೋಟೆಲಿನ ಮೆಟ್ಟಿಲ ಮೇಲೆ ಒದ್ದೆ ಕಾಲಲ್ಲಿ ಮಕ್ಕಳು ಓಡುವುದನ್ನು ಕಂಡಾಗ ಆ ನಗು ನಿಂತಿತು.

ತಪ್ಪು ಯಾರದು ಎಂದು ಮ್ಯಾನೇಜರ್ ಕೇಳಿದ. ನಾನು ಅದನ್ನು ಮೇಸ್ತ್ರಿಗೆ ಕನ್ನಡದಲ್ಲಿ ಹೇಳಿದೆ. "ನಾ ಬ್ಯಾಡ ಅಂದೆ, ನಮ್ ಸಾವ್ಕಾರ್ರು ಕೇಳ್ನಿಲ್ಲ. ಅಂಗಂಗೇ ಏಳು" ಎಂದರು ಮೇಸ್ತ್ರಿ.

ಕಾರ್ಖಾನೆ ಹೆಸರು ಕೆಡಬಾರದು, ಏನಿದ್ದರೂ ಮೇಸ್ತ್ರಿ ಮೇಲೆ ಹಾಕು ಎಂದು ಮಾಲೀಕರು ಹೊರಡುವಾಗಲೇ ನನಗೆ ಹೇಳಿಕೊಟ್ಟಿದ್ದರು. "ತಪ್ಪು ಇವರದೇ, ಒಪ್ಪಿಕೊಂಡಿದ್ದಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಮ್ಯಾನೇಜರ್ ಬರೆದುಕೊಂಡ.

ನಿಜ ಹೇಳಿಯಾಯಿತೆಂಬ ನೆಮ್ಮದಿಯಲ್ಲಿ ಮೇಸ್ತ್ರಿ ಚೀಲದಿಂದ ಉಳಿ ತೆಗೆದರು. ಯಾರೂ ಕೇಳಿರಲಿಲ್ಲ. ಮೂರು ದಿನ ಆ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಮೆಟ್ಟಿಲನ್ನು ಕಡಿದು ಒರಟು ಮಾಡಿದರು. ಹಲಗೆ ಹೊತ್ತವರು ನಿಂತು ಚಪ್ಪಾಳೆ ತಟ್ಟಿದರು. ನಾಚಿಕೆಗೆಟ್ಟ ನಾನೂ ತಟ್ಟಿದೆ.

ನಾವು ಊರಿಗೆ ಬಂದ ಮೇಲೆ, ಮೇಸ್ತ್ರಿಯೇ ತಪ್ಪು ಒಪ್ಪಿಕೊಂಡಿದ್ದಾರೆ ಎಂದು ಹೋಟೆಲಿನ ಪತ್ರ ಬಂತು. ಮಾಲೀಕರು ಅದನ್ನು ಎಲ್ಲರ ಮುಂದೆ ಕನ್ನಡದಲ್ಲಿ ಓದಿಸಿ ಮೇಸ್ತ್ರಿಯನ್ನು ಕೆಲಸದಿಂದ ತೆಗೆದರು. ಪಾಲಿಶ್ ಮಾಡಿಸಿದ್ದು ಯಾರೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಒಬ್ಬನೂ ಬಾಯಿ ಬಿಡಲಿಲ್ಲ. ಮೇಸ್ತ್ರಿ ಮಾಲೀಕರತ್ತ ನೋಡಲೂ ಇಲ್ಲ.

"ನಾ ಏಳಿದ್ದೇನ್ಲಾ, ನೀ ಏಳಿದ್ದೇನ್ಲಾ?" ಎಂದು ನನ್ನನ್ನೇ ಕೇಳಿದರು. ಮುಂದಿನ ತಿಂಗಳು ನನಗೆ ಬಡ್ತಿ ಸಿಕ್ಕಿತು. ಅದನ್ನೂ ತೆಗೆದುಕೊಂಡೆ. ಥೂ!

ಮೂರು ವರ್ಷದ ಮೇಲೆ, ಕಾಯಿಲೆ ಜೋರಾಗಿದೆ ಎಂದು ಕೇಳಿ ಹರವೆ ಹಳ್ಳಿಯ ಅವರ ಮನೆಗೆ ಹೋದೆ. ಕಲ್ಲಿನ ಧೂಳು ಕುಡಿದ ಎದೆ, ಮಾತಿಗೊಮ್ಮೆ ಕೆಮ್ಮು. ಕಾಲು ಹಿಡಿದು ಎಲ್ಲ ಒಪ್ಪಿಕೊಂಡೆ. ಅವರು ಕಾಲು ಹಿಂದಕ್ಕೆಳೆದುಕೊಂಡರು.

"ಇಲ್ಯಾಕ್ಲಾ ಏಳ್ತಿದ್ದಯ್? ನನ್ ಎಸ್ರು ಕೆಟ್ಟಿರೋದು ಅಲ್ಲಿ. ಅಲ್ಗೋಗಿ ಏಳು."

ಆ ಬೇಸಿಗೆಯಲ್ಲೇ ತೀರಿಕೊಂಡರು. ಹೋಟೆಲಿನ ವಿಳಾಸ ನನ್ನ ಬಳಿ ಇದೆ. ಇಂಗ್ಲಿಷೂ ಮರೆತಿಲ್ಲ. ಇನ್ನೂ ಹೇಳಿಲ್ಲ.