ಅವರು ಮುಟ್ಟದೆ ಬಿಟ್ಟ ಪರದೆ

ಅವರ ಬಲಗೈಯ ತೋರುಬೆರಳು ಅರ್ಧವೇ ಇತ್ತು. ತುಮಕೂರು ಪಕ್ಕದ ಸತ್ಯಮಂಗಲದಲ್ಲಿ ಸ್ವಂತ ವರ್ಕ್‌ಶಾಪ್ ಇಟ್ಟಿದ್ದ ಕಾಲದಲ್ಲಿ ಪ್ರೆಸ್ ಮೆಷಿನ್ನಿಗೆ ಸಿಕ್ಕಿತ್ತಂತೆ. ಆ ಮೊಂಡು ಬೆರಳನ್ನು ಮುಖದ ಮುಂದೆ ಆಡಿಸಿ ಬೈಯಲು ಶುರು ಮಾಡಿದರೆ, ಬೈಸಿಕೊಂಡವರಿಗೆ ದೃಷ್ಟಿ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಬೆರಳನ್ನು ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು, ಕಣ್ಣನ್ನು ನೋಡಿದರೆ ಭಯವಾಗುತ್ತಿತ್ತು.

ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಸ್ಕೂಲ್ ಮೇಷ್ಟ್ರಲ್ಲ. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕೂತಿದ್ದ ಹುಡುಗ ಹುಡುಗಿಯರನ್ನು ತುಮಕೂರಿನ ಒಂದು ಸಂಸ್ಥೆಯ ಮಹಡಿಯಲ್ಲಿ ಕೂರಿಸಿಕೊಂಡು, ಸಣ್ಣ ಅಂಗಡಿ, ಸಣ್ಣ ಕಾರ್ಖಾನೆಗಳಿಗೆ ಸಲಹೆ ಕೊಡುವ ಕೆಲಸ ಕಲಿಸುತ್ತಿದ್ದರು. ಅವರ ಮೊದಲ ಪಾಠ ಬಾಯಿ ಮುಚ್ಚಿಕೊಂಡಿರುವುದು. ಬಾಗಿಲು ತೆಗೆಯುವ ಹೊತ್ತಿಗೆ ಅಂಗಡಿಗೆ ಹೋಗಬೇಕು. ಗಿರಾಕಿ ನಿಲ್ಲುವ ಕಡೆಯಲ್ಲ, ಯಜಮಾನ ಕೂರುವ ಕಡೆ ಸ್ಟೂಲು ಹಾಕಿಕೊಂಡು ಕೂರಬೇಕು. ವಾರ ಕಳೆಯುವವರೆಗೆ ಸಲಹೆಯ ಮಾತೇ ಇಲ್ಲ. "ಕಸ ಹೊಡೀರಿ, ಕಾಫಿ ತಂದ್ಕೊಡಿ. ಬುದ್ಧಿ ಮಾತ್ರ ಹೇಳ್ಬೇಡಿ" ಎನ್ನುತ್ತಿದ್ದರಂತೆ.

ಮಕ್ಕಳೇ, ಗುಬ್ಬಿಯಲ್ಲಿ ನಿಮ್ಮ ತಾತನ ಸೈಕಲ್ ಶಾಪ್ ನನ್ನ ಕೈಯಲ್ಲಿ ಉಳಿದದ್ದು ಈ ಮೇಷ್ಟ್ರಿಂದ.

ನನ್ನ ಯಜಮಾನರು, ನಿಮ್ಮ ತಾತ, ತೀರಿಕೊಂಡ ಮೇಲೆ ಅಂಗಡಿಯಲ್ಲಿ ನಾನೇ ಕೂತೆ. ಪಂಕ್ಚರ್ ಹಾಕುವುದನ್ನು ಅವರು ಮೈ ಕೆಟ್ಟಿದ್ದಾಗಲೇ ಕೂತಲ್ಲಿಂದ ಹೇಳಿಕೊಟ್ಟಿದ್ದರು. ಆದರೆ ರಸ್ತೆಗೆ ಮುಖ ಕೊಟ್ಟು ಕೂರಲು ನಾಚಿಕೆ. ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿ, ಅದರ ಹಿಂದಿನಿಂದಲೇ ಮಾತಾಡುತ್ತಿದ್ದೆ. ನನ್ನ ಮೈದುನ ದಿನವೂ ಬಂದು, "ಹೆಂಗ್ಸು ಸೈಕಲ್ ಶಾಪ್ ಮಡಗಿದ್ರೆ ಊರು ನಗಲ್ವಾ ಅತ್ಗೆ" ಎಂದು ಕುಟುಕುತ್ತಿದ್ದ. ಅಂಗಡಿ ಅವನಿಗೆ ಬೇಕಿತ್ತು.

ಮೇಷ್ಟ್ರು ಊರಲ್ಲಿಲ್ಲದ ವಾರ, ಸಂಸ್ಥೆಯ ದೊಡ್ಡವರು ಅವರ ಶಿಷ್ಯರನ್ನೆಲ್ಲ ಊರೂರಿಗೆ ಅಟ್ಟಿದರು. ನನ್ನಲ್ಲಿಗೆ ಬಂದವಳು ಕುಣಿಗಲ್ ಕಡೆಯ ಹುಡುಗಿ, ಬಿ.ಕಾಂ. ಓದಿದವಳು. ನಾನಿನ್ನೂ ಬಾಗಿಲಿಗೆ ನೀರು ಹಾಕುತ್ತಿದ್ದೆ, ಬೋಣಿ ಆಗಿರಲಿಲ್ಲ. ರಸ್ತೆಯಲ್ಲೇ ನಿಂತು, ಬಾಯಿಪಾಠ ಒಪ್ಪಿಸುವಂತೆ, "ಆಂಟಿ, ಸೈಕಲ್ ಕಾಲ ಮುಗೀತು. ಇದನ್ನ ಮುಚ್ಚಿ ಎಸ್‌ಟಿಡಿ ಬೂತ್ ಹಾಕಿ" ಎಂದಳು.

ಮೈದುನ ಅಲ್ಲೇ ಇದ್ದ. "ಕೇಳುದ್ರಾ ಅತ್ಗೆ? ಓದ್ದೋರೇ ಹೇಳ್ತಾವ್ರೆ. ಬೀಗದ ಕೈ ಕೊಡಿ, ಬೂತ್ ನಾನ್ ನೋಡ್ಕತೀನಿ."

ಬೋಣಿಗೆ ಮುಂಚೆ ಬಂದ ಮಾತು, ಅದೂ ಓದಿದವರ ಮಾತು. ಬೀಗದ ಕೈ ಕೊಟ್ಟುಬಿಟ್ಟೆ.

ವಿಷಯ ತಿಳಿದ ಮೇಷ್ಟ್ರು ಆ ಹುಡುಗಿಯನ್ನು ಕರೆದುಕೊಂಡು ಬಂದರು. ಅಂಗಡಿಯಲ್ಲಿ ಮೈದುನ ಬೂತಿಗೆ ಅಳತೆ ಹಿಡಿಸುತ್ತಿದ್ದ. ನನ್ನನ್ನೂ ಮನೆಯಿಂದ ಕರೆಸಿದರು. ಮೊದಲ ಮಂಗಳಾರತಿ ಹುಡುಗಿಗೆ.

"ಬೋಣಿ ಆಗೋ ಮುಂಚೆ ಅಂಗ್ಡಿ ಮುಂದೆ ನಿಂತು ಸಾವಿನ್ ಸುದ್ದಿ ಹೇಳಿದ್ಯಲ್ಲೇ. ನಿಮ್ಮಪ್ಪನ ಅಂಗ್ಡಿ ಆಗಿದ್ರೆ ಹಿಂಗಂತಿದ್ಯಾ?"

"ಎಲ್ಲಾರ್ಗೂ ಅದನ್ನೇ ಹೇಳಿ ಅಂತ ಆಫೀಸಲ್ಲಿ ಹೇಳಿದ್ರು ಸಾರ್." ಅವಳು ಅಳತೊಡಗಿದಳು.

"ಹೊಟ್ಟೆನೋವ್ಗೂ ಅದೇ ಮಾತ್ರೆ, ಕಣ್ಣುರೀಗೂ ಅದೇ ಮಾತ್ರೆನಾ?"

ಬೆರಳು ಮೈದುನನ ಕಡೆ ತಿರುಗಿತು. "ನಿಂಗೆ ಪಂಕ್ಚರ್ ಹಾಕಕ್ ಬರುತ್ತೇನಪ್ಪಾ?"

"ಬೂತ್ ಹಾಕೋನ್ಗೆ ಪಂಕ್ಚರ್ ಯಾಕ್ ಸಾರ್?"

"ನಮ್ಮುಡುಗಿ ಹೇಳಿದ್ದು ತಪ್ಪು. ತಪ್ ಮಾತ್ ನಂಬ್ಕೊಂಡು ಈ ತಾಯಿ ಕೀ ಕೊಟ್ಟವ್ರೆ. ವಾಪಸ್ ಕೊಡು."

ಜನ ಸೇರಿದ್ದರು. ಮೈದುನ ಬೀಗದ ಕೈಯನ್ನು ನನ್ನ ಕೈಗೆ ಕೊಡಲಿಲ್ಲ, ಹಲಗೆಯ ಮೇಲೆ ಎಸೆದು ಹೋದ.

ಆಮೇಲೆ ನನ್ನ ಸರದಿ. "ನೀವೇನ್ ತಾಯಿ, ಯಾರ್ಗೆ ಹೆದರ್ಕೊಂಡು ಸೀರೆ ಹಿಂದೆ ಕೂತಿದೀರಾ?"

ಆ ವಾರವೆಲ್ಲ ಹುಡುಗಿ ನನ್ನ ಪಕ್ಕ ಸ್ಟೂಲಿನ ಮೇಲೆ ಬಾಯಿ ಮುಚ್ಚಿಕೊಂಡು ಕೂತಳು. ಮೇಷ್ಟ್ರು ಮತ್ತೆ ಬಂದಾಗ ಬಾಯಿ ಬಿಟ್ಟಳು. "ಸಾರ್, ಹೈಸ್ಕೂಲ್ ಹುಡುಗೀರು ದಿನಾ ಬಂದು ಬಾಡಿಗೆ ಸೈಕಲ್ ನೋಡ್ತಾರೆ, ಹಂಗೇ ಹೊರಟೋಗ್ತಾರೆ. ಒಳಗಿರೋದು ಹೆಂಗಸು ಅಂತ ಅವ್ರಿಗೆ ಕಾಣಲ್ಲ. ಸೈಕಲ್‌ಗೆಲ್ಲ ಅಡ್ಡ ಕಂಬಿ ಬೇರೆ, ಲಂಗ ಹಾಕ್ಕೊಂಡು ಹತ್ತಕ್ಕಾಗಲ್ಲ."

ಮೇಷ್ಟ್ರು ನಕ್ಕದ್ದನ್ನು ಅವತ್ತು ಮೊದಲು ನೋಡಿದೆ. "ತಾಯಿ, ಯಜಮಾನ್ರ ಅಂಗ್ಡಿ ಕಾಯ್ತಾ ಕೂರಬೇಡಿ. ನಿಮ್ಮ ಅಂಗ್ಡಿ ನಡ್ಸಿ."

"ಹಂಗಾದ್ರೆ ಈ ಸೀರೆ ತೆಗೆದ್ಬುಡಿ" ಎಂದೆ. ಅವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ನಾನ್ ತೆಗುದ್ರೆ ನಾಳೆ ಮತ್ತೆ ಕಟ್ಕೋತೀರಿ. ನೀವೇ ತೆಗೀರಿ."

ತೆಗೆದೆ. ಲೇಡೀಸ್ ಸೈಕಲ್ ತರಿಸಿದೆ. ಸೈಕಲ್ ಹೊಡೆಯುವುದನ್ನು ಮೈದಾನದಲ್ಲಿ ಆ ಕುಣಿಗಲ್ ಹುಡುಗಿಯೇ ಎಲ್ಲರಿಗೂ ಕಲಿಸಿದಳು, ನನ್ನನ್ನೂ ಸೇರಿಸಿ. ಮುಂದೆ ಸರ್ಕಾರವೇ ಹೆಣ್ಣುಮಕ್ಕಳಿಗೆ ಸೈಕಲ್ ಕೊಟ್ಟಾಗ ಬಾಡಿಗೆ ನಿಂತಿತು, ರಿಪೇರಿ ಹೆಚ್ಚಿತು. ನಿಮ್ಮ ಅಪ್ಪ ಓದಿದ್ದು ಆ ರಿಪೇರಿಯಲ್ಲೇ.

ಈಗಲೂ ನನ್ನ ಹೊಟ್ಟೆ ಉರಿಯುವುದು ಆಮೇಲಿನದಕ್ಕೆ. ದೊಡ್ಡವರಿಗೆ ಬೆಂಗಳೂರಿನಿಂದ ಬಂದವರ ಮುಂದೆ ತೋರಿಸಲು ಹೊಸ ಹೊಸ ಬೂತುಗಳು ಬೇಕಿತ್ತು. ಮುಚ್ಚದೆ ಉಳಿದ ಅಂಗಡಿಗೆ ಟೇಪು ಕತ್ತರಿಸಲು ಆಗುವುದಿಲ್ಲವಲ್ಲ. ಬಾಯಿಪಾಠದ ಸಲಹೆ ಹೊರಿಸಿ ತಮ್ಮ ಶಿಷ್ಯರನ್ನು ಕಳಿಸುವುದಿಲ್ಲ ಎಂದು ಮೇಷ್ಟ್ರು ಹಟ ಹಿಡಿದರು. ದೊಡ್ಡವರು ಅವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ವಯಸ್ಸಾಯಿತು ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಮೇಷ್ಟ್ರು ಶಾಲನ್ನು ಕುರ್ಚಿಯ ಮೇಲೇ ಬಿಟ್ಟು ಬಂದರು. ಆಮೇಲೆ ಆಗಾಗ ಗುಬ್ಬಿ ಬಸ್ಸು ಹತ್ತಿ ಬಂದು, ನನ್ನ ಅಂಗಡಿಯ ಆ ಸ್ಟೂಲಿನ ಮೇಲೆ ಕೂತು, ಯಾರ್ಯಾರನ್ನೋ ಬೈಯುತ್ತಿದ್ದರು. ಕುಣಿಗಲ್ ಹುಡುಗಿ ತಾನೇ ನಾಲ್ಕು ಜನಕ್ಕೆ ಈ ಕೆಲಸ ಕಲಿಸತೊಡಗಿದ್ದಳು. ಅವಳೂ ಅಲ್ಲಿಗೇ ಬಂದು ಬೈಸಿಕೊಂಡು ಹೋಗುತ್ತಿದ್ದಳು.

ಅವರು ತೀರಿಕೊಂಡ ಮೇಲೆ ತುಮಕೂರಿನಲ್ಲಿ ಶ್ರದ್ಧಾಂಜಲಿ ಸಭೆ. ಆ ಹುಡುಗಿ ನನ್ನನ್ನು ಕರೆದುಕೊಂಡು ಹೋದಳು. ಫೋಟೋಗೆ ಎಲ್ಲರಿಗಿಂತ ದಪ್ಪ ಹಾರ ಹಾಕಿದವರು ಆ ದೊಡ್ಡವರೇ. "ಮೇಷ್ಟ್ರು ಕೊನೆಯವರೆಗೂ ನಮ್ಮೊಂದಿಗೇ ಇದ್ದರು" ಎಂದು ಮೈಕಿನಲ್ಲಿ ಹೇಳಿ ಕಣ್ಣೊರೆಸಿಕೊಂಡರು.

ನಾನು ಎದ್ದು ನಿಂತೆ.

"ಇಲ್ಲ ಸ್ವಾಮಿ. ಕೊನೇವರ್ಗೂ ಅವರು ಕೂತಿದ್ದು ನನ್ನ ಅಂಗ್ಡೀಲಿ. ನೀವು ಅವರನ್ನ ಈಚೆ ಹಾಕಿದ್ರಿ."

ಹುಡುಗಿ ನನ್ನ ಕೈ ಹಿಡಿದುಕೊಂಡಳು, ನಾನು ಕೂರಲಿಲ್ಲ. ಅಂದು ಆ ಸೀರೆಯನ್ನು ಅವರೇ ಎಳೆದು ಹಾಕಿದ್ದರೆ, ಈ ಸಭೆಯಲ್ಲೂ ನಾನು ಯಾರದೋ ಬೆನ್ನ ಹಿಂದೆ ಕೂತಿರುತ್ತಿದ್ದೆ.