ಆರು ಭಾನುವಾರದ ಸಹಿ

ಜಾಮೀನಿನ ಷರತ್ತು ಮುರಿದೆ ಅಂತ ನನ್ನ ಮೇಲೆ ಆರೋಪ ಬಂದಿತ್ತು. ಆ ಕಥೆ ಹೇಳಲು ಹೊರಟರೆ ಈಗಲೂ ಅರ್ಧದಲ್ಲೇ ನಗು ಉಕ್ಕುತ್ತದೆ.

ನಾನು ಕುವೈತಿನ ಫಹಾಹೀಲ್‌ನಲ್ಲಿ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಪಾರ್ಕಿಂಗ್‌ನಲ್ಲಿ ಕಾರು ರಿವರ್ಸ್ ತೆಗೆಯುವಾಗ ಒಬ್ಬ ಹಿರಿಯರಿಗೆ ತಗುಲಿಸಿಬಿಟ್ಟೆ. ಅವರ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಪಾಪ, ಅಳುತ್ತಿದ್ದ ನನಗೆ ಅವರೇ ಸಮಾಧಾನ ಹೇಳಿದರು. ಕೇಸಂತೂ ಆಯಿತು. ಅಹ್ಮದಿಯಲ್ಲಿ ಇಂಜಿನಿಯರ್ ಆಗಿರುವ ನನ್ನವರು ಜಾಮೀನು ನಿಂತರು. ಕೇಸು ಮುಗಿಯುವವರೆಗೆ ಪ್ರತಿ ಭಾನುವಾರ ಠಾಣೆಗೆ ಬಂದು ಸಹಿ ಹಾಕಬೇಕೆಂದು ಹೇಳಿ ಪೊಲೀಸರು ನನ್ನನ್ನು ಬಿಟ್ಟರು.

ಮೊದಲ ಭಾನುವಾರ ಗೇಟಿನಲ್ಲೇ ಒಬ್ಬ ದಪ್ಪ ಪೊಲೀಸಿನವನು ದೊಡ್ಡ ರಿಜಿಸ್ಟರ್ ಇಟ್ಟುಕೊಂಡು ಕೂತಿದ್ದ. "ಲೇಶ್?" ಅಂದ, ಯಾಕೆ ಬಂದೆ ಅಂತ. "ಸಹಿ ಹಾಕಲು" ಅಂತ ಇಂಗ್ಲಿಷಿನಲ್ಲಿ ಹೇಳಿದೆ. ಒಂದು ಕಾಲಂ ತೋರಿಸಿದ. ಹೇಳಿದ್ದನ್ನೇ ಅದರಲ್ಲಿ ಬರೆದು ಪಕ್ಕದಲ್ಲಿ ಸಹಿ ಹಾಕಿದೆ.

"ಖಲಾಸ್?" ಅಂತ ಕೇಳಿದೆ.

"ಖಲಾಸ್, ಯಲ್ಲಾ!" ಅಂದ, ಮುಗಿಯಿತು, ಹೊರಡು ಅಂತ.

ಎರಡೇ ನಿಮಿಷ! ಹೀಗೆ ಆರು ವಾರ ಹೋದೆ. ಮೂರನೇ ವಾರದಿಂದ ನನ್ನನ್ನು ಕಂಡೊಡನೆ ಅವನೇ ಚಹಾದ ಲೋಟ ಸರಿಸಿ ಜಾಗ ಮಾಡಿಕೊಡುತ್ತಿದ್ದ.

ಏಳನೇ ವಾರ ಠಾಣೆಯಿಂದ ಫೋನ್ ಬಂತು. ನೀವು ಒಮ್ಮೆಯೂ ಸಹಿ ಹಾಕಿಲ್ಲ, ಜಾಮೀನುದಾರರ ಜೊತೆ ಬನ್ನಿ ಎಂದರು.

"ನಿಜ ಹೇಳು, ಹೋಗ್ತಾ ಇದ್ದೆ ತಾನೇ?" ಎಂದರು ನನ್ನವರು.

"ಪ್ರತಿ ವಾರ ಹೋಗಿದೀನಿ ರೀ, ನಿಮ್ಮಾಣೆ!"

"ನನ್ನ ಆಣೆ ಯಾಕೆ ಹಾಕ್ತೀಯ? ಜಾಮೀನಿಗೂ ನಾನೇ ನಿಂತಿದೀನಿ!"

ಮಹಡಿಯ ಮೇಲಿನ ಕೋಣೆಯಲ್ಲಿ ಅಧಿಕಾರಿ ಜಾಮೀನಿನ ಮೇಲಿರುವವರು ಸಹಿ ಹಾಕುವ ಒಂದು ತೆಳು ಪುಸ್ತಕ ತೆರೆದು ತೋರಿಸಿದರು. ನನ್ನ ಹೆಸರಿನ ಮುಂದೆ ಆರು ಮನೆ ಖಾಲಿ.

"ಷರತ್ತು ಗೊತ್ತಿತ್ತಾ ಮದಾಮ್?"

"ಗೊತ್ತಿತ್ತು ಸರ್."

"ತಿಳಿಯದೆ ತಪ್ಪಿದ್ರೆ ಅದು ಬೇರೆ ಮಾತು. ಗೊತ್ತಿದ್ದೂ ಬೇಕಂತಲೇ ತಪ್ಪಿಸಿದ್ರೆ ಜಾಮೀನು ರದ್ದು. ನೀವು ಇಲ್ಲೇ ಇರಬೇಕಾಗುತ್ತೆ."

"ಗೇಟಿನ ಪುಸ್ತಕ ನೋಡಿ ಸರ್" ಎಂದೆ.

ಗೇಟಿನವನೇ ಅದನ್ನು ಎತ್ತಿಕೊಂಡು ಬಂದ. ಅದು ಠಾಣೆಗೆ ಬಂದುಹೋಗುವವರ ಪುಸ್ತಕವಂತೆ! ಆರೂ ಭಾನುವಾರ ನನ್ನ ಸಹಿ ಇತ್ತು. ಭೇಟಿಯ ಉದ್ದೇಶದ ಕಾಲಂನಲ್ಲಿ ಆರೂ ಸಲ 'ಸಹಿ ಹಾಕಲು' ಅಂತ ಬರೆದಿದ್ದೆ. ಅಧಿಕಾರಿ ಬೆರಳಿಟ್ಟು ಒಂದೊಂದನ್ನೂ ಗಟ್ಟಿಯಾಗಿ ಓದಿದರು. ನಾಲ್ಕನೆಯದಕ್ಕೆ ಮೀಸೆ ಅಲುಗಿತು. ಆರನೆಯದಕ್ಕೆ ನಗು ತಡೆಯಲಾಗದೆ ಮುಖ ತಿರುಗಿಸಿದರು. ಗೇಟಿನವನು ಅರಬ್ಬಿಯಲ್ಲಿ ಏನೋ ಹೇಳಿದ. ಅಧಿಕಾರಿ ಕಣ್ಣೊರೆಸಿಕೊಳ್ಳುತ್ತಾ ನಮಗೆ ತಿಳಿಸಿದರು: "ಈ ಮದಾಮ್ ಯಾರನ್ನೂ ನೋಡಲ್ಲ, ಸಹಿ ಹಾಕಿ ಹೋಗಿಬಿಡ್ತಾರೆ. ಸಹಿ ಹಾಕೋದಂದ್ರೆ ಇಷ್ಟ ಇರಬೇಕು ಅಂದ್ಕೊಂಡನಂತೆ!"

ಷರತ್ತು ಮುರಿಯುವ ಉದ್ದೇಶ ಇರಲಿಲ್ಲ ಎಂದು ಬರೆದುಕೊಂಡು ನಮ್ಮನ್ನು ಕಳಿಸಿದರು. ಮೆಟ್ಟಿಲು ಇಳಿಯುವಾಗ ನಮಗಿಬ್ಬರಿಗೂ ನಗು ತಡೆಯಲಾಗಲಿಲ್ಲ. ನನ್ನವರು ಕಂಬಿ ಹಿಡಿದು ಅಲ್ಲೇ ಕೂತುಬಿಟ್ಟರು. ಮನೆಯಲ್ಲಿ ಮಗಳಿಗೆ ಹೇಳಿದರೆ, "ಅಮ್ಮಾ, ಯು ವರ್ ಸೋ ಒಬೀಡಿಯೆಂಟ್, ಟು ದ ರಾಂಗ್ ಬುಕ್!" ಎಂದಳು.

ಮುಂದಿನ ತಿಂಗಳು ಆ ಹಿರಿಯರು ನನ್ನನ್ನು ಕ್ಷಮಿಸಿ ರಾಜಿಗೆ ಒಪ್ಪಿದರು, ಕೇಸು ಮುಗಿಯಿತು. ಮಣಿಕಟ್ಟು ವಾಸಿಯಾಗಿದೆ ಎಂದು ತೋರಿಸಲು ಅವರು ಕೈಯನ್ನು ಗಾಳಿಯಲ್ಲಿ ಗಿರಗಿರನೆ ತಿರುಗಿಸಿದರು. ನಾನು ಚಪ್ಪಾಳೆ ತಟ್ಟಿಬಿಟ್ಟೆ.